ಶಾಲೆಯ ಗಂಟೆಗೆ ಮುನ್ನ: ನಮ್ಮ ಪೀಠಬಾಲಕರ ಲ್ಯಾಟಿನ್ ಪಾಠ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡದ ಇತಿಹಾಸವೂ, ಇಲ್ಲಿ ಸೇವೆ ಸಲ್ಲಿಸಿದ ವಿಚಾರಣಾ ಗುರುಗಳ ನಾಮಾವಳಿಯೂ, ದಾನಿಗಳ ಉಪಕಾರ ಸ್ಮರಣೆಯೂ ಉಚಿತವಾದ ಸ್ಥಾನವನ್ನು ಪಡೆದಿವೆ. ಆದರೆ ಯಾವ ದಾಖಲೆ ಪುಸ್ತಕದಲ್ಲಿಯೂ ಹೆಸರಿಲ್ಲದ ಒಂದು ಪಾಠಶಾಲೆ ಈ ದೇವಾಲಯದ ಆವರಣದಲ್ಲಿಯೇ ಬಹುಕಾಲ ನಡೆಯಿತು. ಅದಕ್ಕೆ ಹಾಜರಿ ಪುಸ್ತಕವಿರಲಿಲ್ಲ, ಕಪ್ಪು ಹಲಗೆಯಿರಲಿಲ್ಲ, ಉಪಾಧ್ಯಾಯರಿಗೆ ಸಂಬಳವೂ ಇರಲಿಲ್ಲ. ಸಕ್ರಿಸ್ತಿಯ ಪಕ್ಕದ ಜಗುಲಿಯೇ ಅದರ ಕೊಠಡಿ. ಬೆಳಗಿನ ಪೂಜೆ ಮುಗಿದು ಪ್ರಾಥಮಿಕ ಶಾಲೆಯ ಗಂಟೆ ಬಾರಿಸುವವರೆಗಿನ ಅರ್ಧ ಗಂಟೆಯೇ ಅದರ ಕಾಲಾವಧಿ. ಮೂರನೆಯ, ನಾಲ್ಕನೆಯ ತರಗತಿಯ ಎಂಟು ಹತ್ತು ಮಂದಿ ಹುಡುಗರು ಅಲ್ಲಿ ಸಾಲಾಗಿ ಕುಳಿತು ಲ್ಯಾಟಿನ್ ಭಾಷೆಯನ್ನು ಕಲಿಯುತ್ತಿದ್ದರು.

ಇಂದಿನ ಮಕ್ಕಳಿಗೆ ಇದು ಕಟ್ಟುಕತೆಯಂತೆ ಕೇಳಿಸಬಹುದು. ಕನ್ನಡದ ಒತ್ತಕ್ಷರಗಳನ್ನೇ ಸರಿಯಾಗಿ ಬರೆಯಲು ಬಾರದ, ಇಂಗ್ಲಿಷಿನ ಗಂಧವೂ ಇಲ್ಲದ ಹಳ್ಳಿಯ ಬಾಲಕರು ರೋಮಾಪುರಿಯ ಭಾಷೆಯನ್ನು ನುಡಿಯುತ್ತಿದ್ದರೆಂದರೆ ನಂಬುವವರು ವಿರಳ. ಆದರೂ ಅದು ನಿಜ. 1950ರ ದಶಕದ ಆರಂಭದಲ್ಲಿ ಆ ಜಗುಲಿಯ ಮೇಲೆ ಕುಳಿತಿದ್ದ ನಮ್ಮಲ್ಲಿ ಕೆಲವರು ಇನ್ನೂ ಉಳಿದಿದ್ದೇವೆ. ಆ ಪಾಠ ಏಕೆ ಬೇಕಾಯಿತು, ಹೇಗೆ ನಡೆಯಿತು, ಅದರ ಗುಣದೋಷಗಳೇನು, ಅದು ಏಕೆ ನಿಂತಿತು ಎಂಬುದನ್ನು ಬರೆದಿಡದೆ ಹೋದರೆ ನಮ್ಮೊಡನೆ ಅದರ ನೆನಪೂ ಮಣ್ಣಾಗುತ್ತದೆ. ಆದಕಾರಣ ಈ ಅಲ್ಪ ಪ್ರಯತ್ನ.

ಬಾಲಕನೇ ಏಕೆ, ಮುಂಜಾನೆಯೇ ಏಕೆ?

ಆದಿಕಾಲದಲ್ಲಿ ರೋಮಿನ ಕ್ರೈಸ್ತರು ಗ್ರೀಕ್ ಭಾಷೆಯಲ್ಲಿ ಆರಾಧಿಸುತ್ತಿದ್ದರು. ಜನರ ಆಡುನುಡಿ ಲ್ಯಾಟಿನ್ ಆದ ಮೇಲೆ, ನಾಲ್ಕನೆಯ ಶತಮಾನದ ಹೊತ್ತಿಗೆ, ಪೂಜೆಯೂ ಲ್ಯಾಟಿನ್‌ಗೆ ತಿರುಗಿತು. ಕಾಲ ಸರಿದಂತೆ ಯೂರೋಪಿನ ಜನರ ಮಾತು ಬೇರೆಬೇರೆಯಾಯಿತು. ಪೂಜೆಯ ಭಾಷೆ ಮಾತ್ರ ಹಾಗೆಯೇ ಉಳಿಯಿತು. 1545ರಿಂದ 1563ರವರೆಗೆ ನಡೆದ ತ್ರೆಂತ್ ಮಹಾಸಭೆಯ ತರುವಾಯ, ಜಗದ್ಗುರು ಐದನೆಯ ಪಯಸ್‌ರವರು 1570ರಲ್ಲಿ ಪ್ರಕಟಿಸಿದ ಪೂಜಾಗ್ರಂಥವು ರೋಮನ್ ಸಂಪ್ರದಾಯದ ದೇವಾಲಯಗಳಿಗೆಲ್ಲ ಒಂದೇ ಕ್ರಮವನ್ನು ವಿಧಿಸಿತು. ಅದೇ ಕ್ರಮವನ್ನು ಹೊತ್ತು ಮಿಷನರಿಗಳು ನಮ್ಮ ನಾಡಿಗೆ ಬಂದರು. 1649ರ ಸುಮಾರಿಗೆ ಇಟಲಿಯ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. ಮುಂದೆ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ಆ ಹೊಲವನ್ನು ಉತ್ತರು. ಗುರುಗಳು ಊರಿಂದೂರಿಗೆ ಸಂಚರಿಸಿ ಹುಲ್ಲು ಮಾಡಿನ ಗುಡಿಯಲ್ಲಿ ಪೂಜೆ ಅರ್ಪಿಸಿದರೂ, ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಅರ್ಪಿಸಿದರೂ ನುಡಿ ಒಂದೇ ಆಗಿತ್ತು.

ಪೂಜೆಯೆಂಬುದು ಗುರುವೊಬ್ಬರೇ ಹೇಳಿ ಮುಗಿಸುವ ಪ್ರಾರ್ಥನೆಯಲ್ಲ. ಗುರುಗಳು ನುಡಿದುದಕ್ಕೆ ಜನರು ಉತ್ತರ ಕೊಡಬೇಕು. ಜನರಿಗೆ ಲ್ಯಾಟಿನ್ ಬಾರದ ಕಾರಣ, ಅವರೆಲ್ಲರ ಪರವಾಗಿ ಒಬ್ಬ ಸೇವಕನು ಉತ್ತರಿಸುವ ಪದ್ಧತಿ ಬೆಳೆಯಿತು. ಸೇವೆ ಮಾಡಿ ಉತ್ತರ ಹೇಳುವ ಸೇವಕನಿಲ್ಲದೆ ಗುರುಗಳು ಪೂಜೆಯನ್ನು ಅರ್ಪಿಸಕೂಡದೆಂದು 1917ರ ಧರ್ಮಸಭಾ ಕಾನೂನು ಸಂಹಿತೆಯ 813ನೆಯ ವಿಧಿ ಸ್ಪಷ್ಟವಾಗಿ ಹೇಳಿತ್ತು. ಪಟ್ಟಣದ ಗುರುಮಠಗಳಲ್ಲಿ ಲ್ಯಾಟಿನ್ ಬಲ್ಲ ವಿದ್ಯಾರ್ಥಿಗಳು ಬೇಕಾದಷ್ಟಿದ್ದರು. ಹಳ್ಳಿಯಲ್ಲಿ ಯಾರಿದ್ದರು? ಗಂಡಸರು ಕೋಳಿ ಕೂಗುವಾಗಲೇ ಏರು ಹೂಡಿ ಹೊಲಕ್ಕೆ ಹೊರಡುವವರು. ಉಳಿದವರು ಶಾಲೆಯ ಹುಡುಗರು. ಹೀಗಾಗಿ, ಊರಿನಲ್ಲಿ ಲ್ಯಾಟಿನ್ ನುಡಿಯಬಲ್ಲ ಒಬ್ಬ ಬಾಲಕನಾದರೂ ಇರಬೇಕಾದುದು ಅಲಂಕಾರಕ್ಕಲ್ಲ, ಅಗತ್ಯಕ್ಕೆ.

ಮುಂಜಾನೆಯ ವೇಳೆಯೂ ನಿಯಮದಿಂದಲೇ ಬಂದದ್ದು. ಅರುಣೋದಯಕ್ಕೆ ಒಂದು ಗಂಟೆ ಮುಂಚಿನಿಂದ ಮಧ್ಯಾಹ್ನ ಕಳೆದು ಒಂದು ಗಂಟೆಯೊಳಗೆ ಪೂಜೆ ಆರಂಭವಾಗಬೇಕೆಂಬುದು ಅಂದಿನ ಕಟ್ಟಳೆ. ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ಆದ್ದರಿಂದ ಪೂಜೆ ಬೇಗನೆ ನಡೆಯುವುದು ಎಲ್ಲರಿಗೂ ಹಿತವಾಗಿತ್ತು. 1910ರಲ್ಲಿ ಜಗದ್ಗುರು ಹತ್ತನೆಯ ಪಯಸ್‌ರವರು ವಿವೇಕ ಮೂಡುವ ಸುಮಾರು ಏಳನೆಯ ವಯಸ್ಸಿನಲ್ಲಿಯೇ ಮಕ್ಕಳಿಗೆ ಪ್ರಥಮ ಪರಮಪ್ರಸಾದ ನೀಡಬೇಕೆಂದು ಆಜ್ಞಾಪಿಸಿದ ಮೇಲೆ, ಬೆಳಗಿನ ಪೂಜೆಯಲ್ಲಿ ಎಳೆಯ ಮಕ್ಕಳ ಸಂಖ್ಯೆ ಸಹಜವಾಗಿಯೇ ಹೆಚ್ಚಿತು. ಪೂಜೆ ಮುಗಿದ ಮೇಲೆ ಮನೆಯ ತಂಗಳು ಮುದ್ದೆ ಕಾದಿರುತ್ತಿತ್ತು, ಶಾಲೆ ಕಾದಿರುತ್ತಿತ್ತು. ಅವೆರಡರ ನಡುವೆ ಉಳಿದ ಅರ್ಧ ಗಂಟೆ ಉಪದೇಶಿಗಳ ಪಾಲಿಗೆ ಬಂದಿತು.

ಜಗುಲಿಯ ಪಾಠಕ್ರಮ

ನಮಗೆ ಕಲಿಸಿದ ಉಪದೇಶಿಗಳು ಲ್ಯಾಟಿನ್ ವ್ಯಾಕರಣವನ್ನು ಓದಿದವರಲ್ಲ. ಬಾಲ್ಯದಲ್ಲಿ ಇನ್ನೊಬ್ಬ ಉಪದೇಶಿಗಳ ಬಾಯಿಂದ ಕೇಳಿ ಕಲಿತದ್ದನ್ನು ನಮ್ಮ ಬಾಯಿಗೆ ಹಾಕಿದರು. ಹಿಂದೆ ನಮ್ಮ ಕೂಲಿಮಠಗಳಲ್ಲಿ ಅಯ್ಯನವರು ಅಮರಕೋಶವನ್ನು ಹೇಳಿಕೊಡುತ್ತಿದ್ದ ರೀತಿಯೇ ಇದು. ಅವರು ಒಂದು ತುಂಡು ನುಡಿಯುವರು, ನಾವೆಲ್ಲ ಒಟ್ಟಾಗಿ ಮೂರು ಸಲ ಒಪ್ಪಿಸುವೆವು, ನಂತರ ಒಬ್ಬೊಬ್ಬರಾಗಿ. ತಪ್ಪಿದವನು ಮೊದಲಿಂದ ಹೇಳಬೇಕು. ಸ್ವಲ್ಪ ದೊಡ್ಡ ಹುಡುಗರು ನೋಟ್ ಪುಸ್ತಕದಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದರು. ನುಡಿದಂತೆ ಬರೆಯುವ ನಮ್ಮ ಲಿಪಿಗೆ ಲ್ಯಾಟಿನ್ ಸುಲಭವಾಗಿ ಒಗ್ಗಿತು ಎಂಬುದನ್ನು ಹೇಳಲೇಬೇಕು.

ಒಗ್ಗದೆ ಇದ್ದುದು ನಾಲಿಗೆ. ಮಾತಿನ ಕೊನೆಗೆ ಸ್ವರವನ್ನು ಸೇರಿಸುವುದು ಕನ್ನಡಿಗರ ಸ್ವಭಾವ. 'ದೋಮಿನುಸ್' ಎಂಬುದು ನಮ್ಮ ಬಾಯಲ್ಲಿ 'ದೋಮಿನುಸು' ಆಗುತ್ತಿತ್ತು. 'ಸಾಂಕ್ತುಸ್' ಎಂಬುದು 'ಸಾಂತುಸು' ಆಗಿ ಸವೆಯುತ್ತಿತ್ತು. ಗುರುಗಳು ಯಾವ ದೇಶದವರೋ ಆ ದೇಶದ ಉಚ್ಚಾರಣೆಯೂ ಮಕ್ಕಳಿಗೆ ಅಂಟುತ್ತಿತ್ತು. ಇಟಲಿಯ ಯೇಸುಸಭೆಯವರು ದುಡಿದ ಮಂಗಳೂರಿನ ಕಡೆಯಲ್ಲಿ ಇಟಾಲಿಯನ್ ರೀತಿ. ಫ್ರೆಂಚ್ ಗುರುಗಳು ದುಡಿದ ಮೈಸೂರು ಸೀಮೆಯಲ್ಲಿ ಫ್ರೆಂಚ್ ಛಾಯೆ. ಈ ಭೇದ ನಮ್ಮಲ್ಲಿ ಮಾತ್ರವಿದ್ದುದಲ್ಲ. ಲ್ಯಾಟಿನ್ ಭಾಷೆಯನ್ನು ರೋಮಿನಲ್ಲಿ ಉಚ್ಚರಿಸುವಂತೆಯೇ ಉಚ್ಚರಿಸುವುದು ಲೇಸೆಂದು ಜಗದ್ಗುರು ಹತ್ತನೆಯ ಪಯಸ್‌ರವರು 1912ರಲ್ಲಿ ಫ್ರಾನ್ಸಿನ ಒಬ್ಬ ಮಹಾಧರ್ಮಾಧ್ಯಕ್ಷರಿಗೆ ಪತ್ರ ಬರೆದಿದ್ದರೆಂಬುದು ಇಲ್ಲಿ ಸ್ಮರಣಾರ್ಹ.

ಪಾಠಕ್ಕೆ ಒಂದು ಕ್ರಮವಿತ್ತು. ಮೊದಲು ಎರಡು ಮೂರು ಪದಗಳ ಚಿಕ್ಕ ಉತ್ತರಗಳು. ಅನಂತರ 'ಕೀರಿಯೆ', ಗುರುವೂ ಸೇವಕನೂ ಸರದಿಯಂತೆ ಒಟ್ಟು ಒಂಬತ್ತು ಸಲ ಹೇಳಬೇಕಾದ ಅದರಲ್ಲಿ ಲೆಕ್ಕ ತಪ್ಪುವುದೇ ಹೆಚ್ಚು. ಅದು ಲ್ಯಾಟಿನ್ ಅಲ್ಲ, ಗ್ರೀಕ್ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 'ಅಮೆನ್', 'ಅಲ್ಲೆಲೂಯ', 'ಹೊಸಾನ್ನ' ಎಂಬವು ಹೀಬ್ರೂ. ನಮ್ಮ ಪ್ರಭುವಿನ ಶಿಲುಬೆಯ ಮೇಲಿನ ಫಲಕವನ್ನು ಬರೆಯಿಸಿದ ಮೂರು ಭಾಷೆಗಳೂ ಹೀಗೆ ಒಂದೇ ಪೂಜೆಯಲ್ಲಿ ಹಳ್ಳಿಯ ಹುಡುಗನ ನಾಲಿಗೆಯ ಮೇಲೆ ನಲಿದಾಡುತ್ತಿದ್ದವು. ಮೂರನೆಯದಾಗಿ, ಪೀಠದ ಮೆಟ್ಟಿಲ ಬಳಿ ಗುರುವಿನೊಡನೆ ಚರಣ ಚರಣವಾಗಿ ಹೇಳಬೇಕಾದ 42ನೆಯ ಕೀರ್ತನೆ. ಈಗಿನ ಬೈಬಲ್ಲಿನ ಎಣಿಕೆಯಲ್ಲಿ ಅದು 43ನೆಯದು. ಅದರ ಮೇಲೆ ಪಾಪನಿವೇದನೆಯ ದೀರ್ಘ ಪ್ರಾರ್ಥನೆಯಾದ 'ಕೊನ್ಫಿತೆಯೋರ್'. ಕಟ್ಟಕಡೆಗೆ, ಕಾಣಿಕೆಯ ಭಾಗದಲ್ಲಿ ಬರುವ 'ಸುಸ್ಸಿಪಿಯಾತ್'. ಇದು ಉದ್ದದಲ್ಲಿ ಚಿಕ್ಕದಾದರೂ ನಾಲಿಗೆಯನ್ನು ತೊಡಕಿಸುವುದರಲ್ಲಿ ಎಲ್ಲಕ್ಕೂ ಮಿಗಿಲು. ಇದನ್ನು ತಡವರಿಸದೆ ಒಪ್ಪಿಸಿದವನು ಪೀಠವೇರಲು ಅರ್ಹನೆಂದು ತೀರ್ಮಾನವಾಗುತ್ತಿತ್ತು.

ನುಡಿಯೊಂದಿಗೆ ನಡೆಯನ್ನೂ ಕಲಿಯಬೇಕಾಗಿತ್ತು. ಪೂಜಾಗ್ರಂಥವನ್ನು ಅದರ ಪೀಠಿಕೆಯ ಸಮೇತ ಪೀಠದ ಒಂದು ಬದಿಯಿಂದ ಮತ್ತೊಂದು ಬದಿಗೆ ಸಾಗಿಸುವುದು, ದ್ರಾಕ್ಷಾರಸ ಮತ್ತು ನೀರಿನ ಪುಟ್ಟ ಹೂಜಿಗಳನ್ನು ನೀಡುವುದು, ಪ್ರಸಾದವನ್ನು ಮೇಲೆತ್ತುವಾಗ ಒಂದು ಕೈಯಲ್ಲಿ ಗುರುಗಳ ಪೂಜಾವಸ್ತ್ರದ ಅಂಚನ್ನು ಹಿಡಿದು ಮತ್ತೊಂದರಲ್ಲಿ ಗಂಟೆ ಬಾರಿಸುವುದು, ಇವೆಲ್ಲ ಒಂದನ್ನೊಂದು ತಪ್ಪದೆ ನಡೆಯಬೇಕು. ಗ್ರಂಥವೇ ಹುಡುಗನ ಎದೆಯವರೆಗೆ ಬರುತ್ತಿತ್ತು. ಅದನ್ನು ಹೊತ್ತು ಮೆಟ್ಟಿಲಿಳಿಯುವಾಗ ನಿಲುವಂಗಿ ಕಾಲಿಗೆ ಸಿಕ್ಕಿ ಬಿದ್ದವರು ನಮ್ಮಲ್ಲಿ ಇಬ್ಬರಿದ್ದರು. ಈ ಕಾರಣದಿಂದ, ಪರಮಪ್ರಸಾದವನ್ನು ಕಾಪಾಡುತ್ತ ಪ್ರಾಣ ತೆತ್ತ ರೋಮಿನ ಸಂತ ತಾರ್ಸಿಸಿಯುಸ್ ಮತ್ತು 1621ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡ ಸಂತ ಜಾನ್ ಬರ್ಕ್‌ಮನ್ಸ್, ಪೀಠಬಾಲಕರ ಈ ಇಬ್ಬರು ಪಾಲಕರಿಗೆ ನಾವು ಪ್ರತಿದಿನ ಮೊರೆಯಿಡುತ್ತಿದ್ದೆವು.

ರಾಯಪ್ಪನಿಗೆ, ರಾಯಪ್ಪನನ್ನು

ನಮಗೆ ಅರ್ಥವನ್ನು ಹೇಳಿಕೊಡುವವರಿರಲಿಲ್ಲ. ಅರ್ಥವಿಲ್ಲದ ಕಡೆ ಮಕ್ಕಳು ತಮ್ಮದೇ ಅರ್ಥವನ್ನು ಕಟ್ಟಿಕೊಳ್ಳುತ್ತಾರೆ. 'ಆಗ್ನುಸ್' ಎಂಬ ಮಾತು ಬಂದಾಗ ಅದು ಅಗ್ನಿಯೇ ಇರಬೇಕು, ಮೇಣದ ಬತ್ತಿ ಉರಿಯುತ್ತಿರುವುದರಿಂದ ಹಾಗೆ ಹೇಳುತ್ತಾರೆ ಎಂದು ನಮ್ಮ ತರ್ಕ. ಅದು ಕುರಿಮರಿ ಎಂದು ತಿಳಿದಾಗ ನಾಚಿಕೆಯಾಯಿತು. ಆದರೆ ಲ್ಯಾಟಿನ್‌ನಲ್ಲಿ ಬೆಂಕಿಗೆ 'ಇಗ್ನಿಸ್' ಎಂಬ ಮಾತು ಇದೆಯೆಂದೂ, ಅದು ಅಗ್ನಿಯ ಬಂಧುವೇ ಎಂದೂ ಮುಂದೆ ತಿಳಿಯಿತು. 'ದೇವುಸ್' ಎಂದರೆ ದೇವ, 'ಪಾತೆರ್' ಎಂದರೆ ಪಿತೃ, 'ನೋಮೆನ್' ಎಂದರೆ ನಾಮ, 'ದೋನುಮ್' ಎಂದರೆ ದಾನ. ಸಂಸ್ಕೃತಕ್ಕೂ ಲ್ಯಾಟಿನ್‌ಗೂ ಇರುವ ಈ ನಂಟನ್ನು 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಸಾರಿದುದು ಪ್ರಸಿದ್ಧ. ಅದಕ್ಕೂ ಮುನ್ನ, 1767ರಲ್ಲಿಯೇ, ದಕ್ಷಿಣ ಭಾರತದಲ್ಲಿದ್ದ ಯೇಸುಸಭೆಯ ಕೂರ್ದು ಸ್ವಾಮಿಗಳು ಇದೇ ವಿಷಯವನ್ನು ಪ್ಯಾರಿಸ್ಸಿನ ವಿದ್ವಾಂಸರಿಗೆ ಬರೆದು ಕಳುಹಿಸಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

ಒಂದು ದಿನ 'ಕೊನ್ಫಿತೆಯೋರ್' ಒಪ್ಪಿಸುವಾಗ ನಾವೆಲ್ಲರೂ ಒಂದೇ ಕಡೆ ಎಡವುತ್ತಿದ್ದುದನ್ನು ವಿಚಾರಣಾ ಗುರುಗಳು ಗಮನಿಸಿ ಜಗುಲಿಗೆ ಬಂದರು. ಆ ಪ್ರಾರ್ಥನೆಯ ಮೊದಲರ್ಧದಲ್ಲಿ ಸಂತರ ಹೆಸರುಗಳು ಬರುತ್ತವೆ. ಉತ್ತರಾರ್ಧದಲ್ಲಿ ಅವೇ ಹೆಸರುಗಳು ಮತ್ತೊಮ್ಮೆ ಬರುತ್ತವೆ, ಆದರೆ ಕೊನೆಯ ಅಕ್ಷರ ಬೇರೆಯಾಗಿರುತ್ತದೆ. ಮೊದಲಲ್ಲಿ 'ಪೇತ್ರೋ, ಪೌಲೋ'. ಆಮೇಲೆ 'ಪೇತ್ರುಮ್, ಪೌಲುಮ್'. ಯಾವುದು ಎಲ್ಲಿ ಎಂಬುದು ನಮಗೆ ಹೊಳೆಯುತ್ತಿರಲಿಲ್ಲ. ಗುರುಗಳು ಸಾಲಿನಲ್ಲಿದ್ದ ರಾಯಪ್ಪ, ಚಿನ್ನಪ್ಪ ಎಂಬ ಇಬ್ಬರು ಹುಡುಗರನ್ನು ಎಬ್ಬಿಸಿ ನಿಲ್ಲಿಸಿದರು. "ಪೇತ್ರುಸ್ ಎಂದರೆ ನಮ್ಮ ಸಂತ ರಾಯಪ್ಪನವರು, ಪೌಲುಸ್ ಎಂದರೆ ಚಿನ್ನಪ್ಪನವರು. ಮೊದಲಲ್ಲಿ ನೀವು ನಿಮ್ಮ ಪಾಪವನ್ನು ಅವರಿಗೆ ಹೇಳಿಕೊಳ್ಳುತ್ತೀರಿ, ಯಾರಿಗೆ? ರಾಯಪ್ಪನಿಗೆ, ಚಿನ್ನಪ್ಪನಿಗೆ. ಆಮೇಲೆ ನಮಗಾಗಿ ಪ್ರಾರ್ಥಿಸಿರೆಂದು ಅವರನ್ನು ಬೇಡಿಕೊಳ್ಳುತ್ತೀರಿ, ಯಾರನ್ನು? ರಾಯಪ್ಪನನ್ನು, ಚಿನ್ನಪ್ಪನನ್ನು," ಎಂದರು. ಶಾಲೆಯಲ್ಲಿ ಬೆತ್ತದ ಭಯದಿಂದ ಒಪ್ಪಿಸುತ್ತಿದ್ದ ವಿಭಕ್ತಿ ಪ್ರತ್ಯಯಗಳು ಆ ಮುಂಜಾನೆ ಒಮ್ಮೆಲೇ ಬೆಳಕಾದವು. 'ದೋಮಿನುಸ್' ಎಂಬುದು ಕರೆಯುವಾಗ 'ದೋಮಿನೆ' ಆಗುವುದೂ, ಪ್ರಭು ಎಂಬುದು 'ಪ್ರಭುವೇ' ಆಗುವುದೂ ಒಂದೇ ಬಗೆಯೆಂದು ನಮಗೆ ನಾವೇ ಕಂಡುಕೊಂಡೆವು. ಅಂದಿನಿಂದ ಆ ಕಡೆ ಯಾರೂ ಎಡವಲಿಲ್ಲ.

ಈ ಎರಡು ಭಾಷೆಗಳನ್ನು ಹೆಣೆಯುವ ಕೆಲಸ ನಮ್ಮ ನಾಡಿನಲ್ಲಿ ಬಹು ಹಿಂದೆಯೇ ನಡೆದಿತ್ತು. ಮೈಸೂರು ಮಿಷನ್ನಿನ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೊ ಮತ್ತು ಅವರ ಸಹಗುರು ಬುತೆಲೂ ಸ್ವಾಮಿಗಳ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕಿಟ್ಟೆಲ್‌ರವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದ 1894ಕ್ಕಿಂತ ಇದು 33 ವರ್ಷ ಹಿಂದಿನ ಮಾತು. ಗುರುಗಳಿಗಾಗಿ ರಚಿತವಾದ ಆ ವಿದ್ಯೆಯ ಒಂದು ಹನಿಯಾದರೂ ಜಗುಲಿಯ ಮಕ್ಕಳಿಗೆ ಪ್ರತಿನಿತ್ಯ ದೊರೆತಿದ್ದರೆ ನಮ್ಮ ಕಲಿಕೆ ಎಷ್ಟು ಸೊಗಸಾಗಿರುತ್ತಿತ್ತು!

ಮಗುವಿನ ಬಾಯಿಂದ ಗುರುವಿಗೆ ಕ್ಷಮೆ

ಅದೇ ದಿನ ಗುರುಗಳು ಇನ್ನೊಂದು ಮಾತನ್ನು ತಿಳಿಸಿದರು. ಅದನ್ನು ನಾವು ಇಂದಿಗೂ ಮರೆತಿಲ್ಲ. ಪೂಜೆಯ ಆರಂಭದಲ್ಲಿ ಗುರುಗಳು ಮೊದಲು ಬಾಗಿ ತಮ್ಮ ಪಾಪವನ್ನು ನಿವೇದಿಸುತ್ತಿದ್ದರು. ಅವರು ಆಗ ದೇವರನ್ನೂ ಸಂತರನ್ನೂ ಅಷ್ಟೇ ಅಲ್ಲ, ತಮ್ಮ ಪಕ್ಕದಲ್ಲಿ ಮೊಣಕಾಲೂರಿರುವವರನ್ನೂ 'ಸಹೋದರರೇ' ಎಂದು ಸಂಬೋಧಿಸಿ ಅವರ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದರು. ಅದಕ್ಕೆ ಉತ್ತರವಾಗಿ, ದೇವರು ಗುರುವಿನ ಮೇಲೆ ಕರುಣೆದೋರಲಿ, ಅವರ ಪಾಪಗಳನ್ನು ಮನ್ನಿಸಲಿ ಎಂದು ಬೇಡುವವನು ಪೀಠಬಾಲಕ. ಅನಂತರವೇ ಬಾಲಕನು 'ತಂದೆಯೇ' ಎಂದು ಕರೆದು ತನ್ನ ಪಾಪವನ್ನು ನಿವೇದಿಸುವುದು. ಆಗ ಗುರುಗಳು ಅವನಿಗಾಗಿ ಅದೇ ಕರುಣೆಯನ್ನು ಬೇಡುವುದು.

"ನಾನು ನಿಮಗಾಗಿ ಬೇಡುವ ಮೊದಲು ನೀವು ನನಗಾಗಿ ಬೇಡುತ್ತೀರಿ. ಆದ್ದರಿಂದ ಆ ಮಾತನ್ನು ನುಂಗಬೇಡಿ, ನನಗೆ ಅದರ ಅಗತ್ಯವಿದೆ," ಎಂದರು ಗುರುಗಳು. ಕೂಲಿಕಾರನ ಮಗ, ಕುಂಬಾರನ ಮಗ, ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಹುಡುಗ ಬೆಳಗಿನ ಕತ್ತಲೆಯಲ್ಲಿ ಇಡೀ ಊರಿನ ಪರವಾಗಿ ಗುರುವಿಗೆ ಕ್ಷಮೆಯನ್ನು ಬೇಡುತ್ತಿದ್ದನು. ನಮಗೆ ಅದುವರೆಗೆ ಅದು ಬಾಯಿಪಾಠವಾಗಿತ್ತು. ಅಂದಿನಿಂದ ಪ್ರಾರ್ಥನೆಯಾಯಿತು. ಅರ್ಥ ತಿಳಿಸಲು ಗುರುಗಳಿಗೆ ಹಿಡಿದದ್ದು ಒಂದು ಕಾಲು ಗಂಟೆ ಮಾತ್ರ.

ಮರೆಮಾಚಬಾರದ ಕೊರತೆಗಳು

ಹಳೆಯದೆಲ್ಲ ಹೊನ್ನೆಂದು ಹೊಗಳುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಆ ಕಾಲು ಗಂಟೆ ಎಷ್ಟೋ ಊರುಗಳಲ್ಲಿ, ಎಷ್ಟೋ ತಲೆಮಾರುಗಳಿಗೆ ದೊರೆಯಲೇ ಇಲ್ಲವೆಂಬುದು ಮೊದಲನೆಯ ಕೊರತೆ. ತಪ್ಪಿದವನ ಕಿವಿ ಹಿಂಡುವುದು, ಬಿಸಿಲಿನಲ್ಲಿ ಮೊಣಕಾಲೂರಿಸುವುದು ನಡೆಯುತ್ತಿತ್ತು. ಅದಕ್ಕೆ ಹೆದರಿ ಜಗುಲಿಗೆ ಬಾರದೆ ಹೋದ ಹುಡುಗರೂ ಇದ್ದರು.

ಎರಡನೆಯದು, ಜನರ ಮೌನ. ಬಾಲಕನು ಜನರ ಪರವಾಗಿ ಉತ್ತರಿಸುತ್ತಿದ್ದನೆಂದೆವಷ್ಟೆ. ಜನರು ಆಗ ಏನು ಮಾಡುತ್ತಿದ್ದರು? ಹಿರಿಯರು ಜಪಸರವನ್ನು ಎಣಿಸುತ್ತಿದ್ದರು. ಓದು ಬಲ್ಲ ಕೆಲವರು ಪ್ರಾರ್ಥನಾ ಪುಸ್ತಕವನ್ನು ನೋಡುತ್ತಿದ್ದರು. ಗಂಟೆ ಬಾರಿಸಿದಾಗ ತಲೆ ಬಾಗಿಸುತ್ತಿದ್ದರು. ಅವರ ಭಕ್ತಿಯ ಆಳವನ್ನು ಅಳೆಯಲು ನಾವು ಯಾರು? ಆದರೂ ತಮಗೆ ಸೇರಿದ ಉತ್ತರವನ್ನು ಅವರು ಎಂಟು ವರ್ಷದ ಮಗುವಿಗೆ ಒಪ್ಪಿಸಿ ಸುಮ್ಮನಿರಬೇಕಾಗಿತ್ತು ಎಂಬುದು ನಿಜ.

ಮೂರನೆಯದು ಹೆಣ್ಣುಮಕ್ಕಳ ಸಂಗತಿ. ಹಿಂದೆ ಹೇಳಿದ 813ನೆಯ ವಿಧಿಯ ಎರಡನೆಯ ಭಾಗವು, ಪುರುಷ ಸೇವಕನು ದೊರೆಯದಿದ್ದಾಗ ಮಾತ್ರ, ಯುಕ್ತ ಕಾರಣವಿದ್ದರೆ, ಸ್ತ್ರೀಯು ದೂರದಿಂದ ಉತ್ತರ ಹೇಳಬಹುದು, ಆದರೆ ಯಾವ ಕಾರಣಕ್ಕೂ ಪೀಠದ ಸಮೀಪಕ್ಕೆ ಬರಕೂಡದು ಎಂದು ವಿಧಿಸಿತ್ತು. ಜಗುಲಿಯ ಪಾಠಕ್ಕೆ ಹುಡುಗಿಯರನ್ನು ಕರೆಯುವ ಪ್ರಶ್ನೆಯೇ ಇರಲಿಲ್ಲ. ಆದರೂ ಅವರು ಕಲಿತರು. ನಮ್ಮಲ್ಲಿ ಒಬ್ಬನ ಅಕ್ಕ ಪ್ರತಿದಿನ ದೇವಾಲಯದ ಅಂಗಳವನ್ನು ಗುಡಿಸುತ್ತ ಪಾಠವನ್ನು ಕೇಳಿಸಿಕೊಳ್ಳುತ್ತಿದ್ದಳು. ರಾತ್ರಿ ಒಲೆಯ ಮುಂದೆ ತಮ್ಮನು ಒಪ್ಪಿಸುವಾಗ ಅವನು ತಪ್ಪಿದ ಕಡೆಯೆಲ್ಲ ತಿದ್ದುತ್ತಿದ್ದವಳು ಅವಳೇ. 'ಸುಸ್ಸಿಪಿಯಾತ್' ಅವಳಿಗೆ ಬಂದಷ್ಟು ಚೆನ್ನಾಗಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅದನ್ನು ಪೀಠದ ಬಳಿ ಒಮ್ಮೆಯೂ ನುಡಿಯುವ ಭಾಗ್ಯ ಅವಳಿಗೆ ಬರಲಿಲ್ಲ. ಈ ದೇವಾಲಯದ ಲ್ಯಾಟಿನ್ ಪಾಠದ ಇತಿಹಾಸದಲ್ಲಿ ಅವಳ ಹೆಸರು ಇಲ್ಲದಿದ್ದರೂ ಅವಳ ಪಾಲು ಇದೆ ಎಂಬುದನ್ನು ಇಲ್ಲಿ ದಾಖಲಿಸುವುದು ನಮ್ಮ ಕರ್ತವ್ಯ.

ಬದಲಾವಣೆಯ ವರ್ಷಗಳು

ಬದಲಾವಣೆ ಒಂದೇ ದಿನದಲ್ಲಿ ಬರಲಿಲ್ಲ. 1953ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ಪರಮಪ್ರಸಾದದ ಉಪವಾಸವನ್ನು ಸಡಿಲಿಸಿ ನೀರು ಕುಡಿಯಬಹುದೆಂದರು. 1957ರಲ್ಲಿ ಅದನ್ನು ಮೂರು ಗಂಟೆಗೆ ಇಳಿಸಿದರು. ಸಂಜೆಯ ಪೂಜೆಗೆ ದಾರಿ ತೆರೆಯಿತು. 1964ರಲ್ಲಿ ಉಪವಾಸವು ಒಂದು ಗಂಟೆಗೆ ಇಳಿಯಿತು. ಮುಂಜಾನೆಯ ಪೂಜೆಯೊಂದೇ ಗತಿ ಎಂಬ ಸ್ಥಿತಿ ಹೀಗೆ ಕೊನೆಗೊಂಡಿತು. 1958ರ ರೋಮಿನ ಆದೇಶವೊಂದು, ಪೀಠಬಾಲಕನೊಡನೆ ಜನರೂ ಲ್ಯಾಟಿನ್‌ನಲ್ಲಿ ಉತ್ತರ ಹೇಳುವುದನ್ನು ಪ್ರೋತ್ಸಾಹಿಸಿತು.

1962ರ ಫೆಬ್ರವರಿಯಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ಲ್ಯಾಟಿನ್ ಅಧ್ಯಯನವನ್ನು ಬಲಪಡಿಸಬೇಕೆಂದು ಆಜ್ಞಾಪತ್ರ ಹೊರಡಿಸಿದರು. ಅದೇ ವರ್ಷ ಅವರೇ ಆರಂಭಿಸಿದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಸಂವಿಧಾನವನ್ನು 2147 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಿದ್ದ ಮತಗಳು ನಾಲ್ಕೇ. ಆ ಸಂವಿಧಾನವು ಲ್ಯಾಟಿನ್ ಭಾಷೆಯನ್ನು ಹೊರಗಟ್ಟಲಿಲ್ಲ. ಅದನ್ನು ಉಳಿಸಿಕೊಳ್ಳಬೇಕೆಂದೇ ಹೇಳಿ, ಜನರ ಪ್ರಯೋಜನಕ್ಕಾಗಿ ದೇಶಭಾಷೆಗಳಿಗೆ ವಿಶಾಲವಾದ ಎಡೆಯನ್ನು ಕಲ್ಪಿಸಿತು. ಜನರ ಪೂರ್ಣವಾದ, ತಿಳುವಳಿಕೆಯಿಂದ ಕೂಡಿದ ಭಾಗವಹಿಸುವಿಕೆಯೇ ಅದರ ಮುಖ್ಯ ಗುರಿ. 1965ರ ಮಾರ್ಚ್ 7ರಂದು ಹೊಸ ನಿಯಮಗಳು ಜಾರಿಗೆ ಬಂದವು. ಅಂದು ಜಗದ್ಗುರು ಆರನೆಯ ಪೌಲ್‌ರವರು ರೋಮಿನ ಒಂದು ಧರ್ಮಕೇಂದ್ರದಲ್ಲಿ ಇಟಾಲಿಯನ್ ಭಾಷೆಯಲ್ಲಿ ಪೂಜೆ ಅರ್ಪಿಸಿದರು. ಪೀಠದ ಮೆಟ್ಟಿಲ ಬಳಿ ಹೇಳುತ್ತಿದ್ದ 42ನೆಯ ಕೀರ್ತನೆಯನ್ನು ಅಂದಿನಿಂದ ಬಿಡಲಾಯಿತು. 1969ರ ನವೆಂಬರ್ 30ರಿಂದ ನವೀಕೃತ ಪೂಜಾಕ್ರಮವೇ ಬಂದಿತು. ನಮ್ಮ ಸೀಮೆಯಲ್ಲಿ ಹಂತಹಂತವಾಗಿ ಕನ್ನಡವು ಪೀಠವನ್ನೇರಿತು. 1967ರಲ್ಲಿ ಬೆಂಗಳೂರಿನಲ್ಲಿ ಅಮಲೋರ್ ಪವದಾಸ್ ಸ್ವಾಮಿಗಳ ನೇತೃತ್ವದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರವು ಆರಾಧನೆಯನ್ನು ಭಾರತೀಯ ನೆಲಕ್ಕೆ ಹೊಂದಿಸುವ ಕಾರ್ಯವನ್ನು ಕೈಗೊಂಡಿತು.

ಮೊದಲ ಬಾರಿಗೆ ಇಡೀ ದೇವಾಲಯವು ಕನ್ನಡದಲ್ಲಿ ಗುರುಗಳಿಗೆ ಉತ್ತರ ಕೊಟ್ಟಾಗ ಹಿಂದಿನ ಸಾಲಿನ ಅಜ್ಜಿಯರ ಧ್ವನಿ ಎಲ್ಲರಿಗಿಂತ ಮೇಲೆ ಕೇಳಿಸಿತು. ನಮ್ಮ ಉಪದೇಶಿಗಳು ಆ ದಿನ ಸಕ್ರಿಸ್ತಿಯ ಬಾಗಿಲಲ್ಲಿ ನಿಂತಿದ್ದರು. "ನಲವತ್ತು ವರ್ಷ ಕಲಿಸಿದ್ದೆಲ್ಲ ಹೋಯಿತೇ ಸ್ವಾಮಿ?" ಎಂದು ಅವರು ಗುರುಗಳನ್ನು ಕೇಳಿದರು. "ಹೋಗಲಿಲ್ಲ ಉಪದೇಶಿಗಳೇ, ಹುಡುಗರು ಕಾದಿಟ್ಟದ್ದು ಊರವರ ಕೈಸೇರಿತು," ಎಂದು ಗುರುಗಳು ಉತ್ತರಿಸಿದರು. ಆ ಉತ್ತರ ಅವರಿಗೆ ಸಮಾಧಾನ ನೀಡಿತೋ ಇಲ್ಲವೋ ಹೇಳಲಾರೆವು. ಮರುದಿನವೂ ಅವರು ವಾಡಿಕೆಯಂತೆ ಜಗುಲಿಯ ಮೇಲೆ ಬಂದು ಕುಳಿತರು. ಹುಡುಗರು ಬರಲಿಲ್ಲ.

ಮುಂದಿನ ವರ್ಷಗಳಲ್ಲಿ ಯಾವ ಭಾಷೆಯಲ್ಲಿ ಎಷ್ಟು ಪೂಜೆ ನಡೆಯಬೇಕೆಂಬ ಪ್ರಶ್ನೆ ನಮ್ಮ ನಾಡಿನ ಕೆಲವು ಕಡೆ ಮನಸ್ತಾಪಕ್ಕೂ ಎಡೆಮಾಡಿತು. ಲ್ಯಾಟಿನ್ ಯಾರ ಮನೆಯ ಮಾತೂ ಆಗಿರಲಿಲ್ಲವಾಗಿ, ಅದರ ವಿಷಯದಲ್ಲಿ ನನ್ನದು ನಿನ್ನದೆಂಬ ವಾದವಿರಲಿಲ್ಲ. ಇದು ಲ್ಯಾಟಿನ್ ಮರಳಿ ಬರಲೆಂದು ಹೇಳುವ ಮಾತಲ್ಲ. ತಾಯ್ನುಡಿಯಲ್ಲಿ ಪ್ರಾರ್ಥಿಸುವ ಹಕ್ಕಿನ ಜೊತೆಗೆ ನೆರೆಯವನ ನುಡಿಗೂ ಕಿವಿಗೊಡುವ ಹೊಣೆ ಬಂದಿದೆಯೆಂಬುದನ್ನು ನೆನಪಿಸುವ ಮಾತು.

ಜಗುಲಿ ಇನ್ನೂ ಇದೆ

ಲ್ಯಾಟಿನ್ ಧರ್ಮಸಭೆಯಿಂದ ಅಳಿದಿಲ್ಲ. 1974ರಲ್ಲಿ ಜಗದ್ಗುರು ಆರನೆಯ ಪೌಲ್‌ರವರು ವಿಶ್ವಾಸಿಗಳೆಲ್ಲರೂ ಕಲಿಯಬಹುದಾದ ಸರಳ ಲ್ಯಾಟಿನ್ ಗೀತೆಗಳ ಕಿರುಹೊತ್ತಗೆಯನ್ನು ಜಗತ್ತಿನ ಧರ್ಮಾಧ್ಯಕ್ಷರಿಗೆಲ್ಲ ಕಳುಹಿಸಿದರು. ಗುರುಮಠದ ವಿದ್ಯಾರ್ಥಿಗಳು ಲ್ಯಾಟಿನ್ ಅನ್ನು ಚೆನ್ನಾಗಿ ಅರಿಯಬೇಕೆಂದು 1983ರ ಕಾನೂನು ಸಂಹಿತೆಯೂ ಹೇಳುತ್ತದೆ. 1994ರಲ್ಲಿ ರೋಮಿನಿಂದ ಬಂದ ಪತ್ರವು, ಆಯಾ ಧರ್ಮಾಧ್ಯಕ್ಷರ ಸಮ್ಮತಿಯಂತೆ, ಹೆಣ್ಣುಮಕ್ಕಳೂ ಪೀಠಸೇವೆ ಮಾಡಬಹುದೆಂದು ತಿಳಿಸಿತು. ಅಂಗಳ ಗುಡಿಸುತ್ತ ಲ್ಯಾಟಿನ್ ಕಲಿತ ಆ ಅಕ್ಕನ ಮೊಮ್ಮಗಳು ಈ ಪೀಠದ ಬಳಿ ಗಂಟೆ ಬಾರಿಸಿದ ದಿನ ಅಜ್ಜಿಯು ಮೊದಲ ಸಾಲಿನಲ್ಲಿದ್ದಳು.

ನಾವು ಕಳೆದುಕೊಂಡದ್ದು ಭಾಷೆಗಿಂತ ಹೆಚ್ಚಾಗಿ ಆ ಅರ್ಧ ಗಂಟೆಯನ್ನು. ಇಂದು ಪೂಜೆಯ ಉತ್ತರಗಳು ಕನ್ನಡದಲ್ಲಿಯೇ ಇವೆ. ಆದರೆ ಅವುಗಳ ಅರ್ಥವನ್ನು ಮಕ್ಕಳಿಗೆ ಕೇಳಿ ನೋಡಿ. ನಾವು ಲ್ಯಾಟಿನ್ ಅನ್ನು ಒಪ್ಪಿಸುತ್ತಿದ್ದಂತೆ ಅವರು ಕನ್ನಡವನ್ನು ಒಪ್ಪಿಸುತ್ತಿದ್ದಾರೆ. ತಿಳಿದ ಭಾಷೆಯೆಂಬ ಕಾರಣಕ್ಕೆ ತಿಳಿಸುವ ಶ್ರಮವನ್ನು ನಾವು ಕೈಬಿಟ್ಟಿದ್ದೇವೆ. ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಮುಂದೆ ವಿನಮ್ರವಾದ ಸಲಹೆಯೊಂದನ್ನು ಇಡಬಯಸುತ್ತೇವೆ. ವಾರದಲ್ಲಿ ಎರಡು ದಿನವಾದರೂ, ಶಾಲೆಗೆ ಮುನ್ನ, ಬಾಲಕ ಬಾಲಕಿಯರನ್ನು ಅದೇ ಜಗುಲಿಯ ಮೇಲೆ ಕೂಡಿಸೋಣ. ಪೂಜೆಯ ಒಂದೊಂದು ಉತ್ತರವನ್ನೂ ತೆಗೆದುಕೊಂಡು ಅದು ಯಾರು ಯಾರಿಗೆ ಹೇಳುವ ಮಾತೆಂದು ತಿಳಿಸೋಣ. ಹಬ್ಬದ ದಿನ ಹಾಡಲು ಎರಡು ಮೂರು ಲ್ಯಾಟಿನ್ ಗೀತೆಗಳನ್ನು ಅರ್ಥಸಹಿತ ಕಲಿಸೋಣ. ತಮ್ಮ ಅಜ್ಜಂದಿರ ಬಾಯಲ್ಲಿದ್ದ ನುಡಿ ಮಕ್ಕಳಿಗೆ ಪರಕೀಯವಾಗದಿರಲಿ. ಕಿವಿ ಹಿಂಡುವುದು ಮಾತ್ರ ಬೇಡ.

ಸಂಬಳವಿಲ್ಲದೆ, ಬಿರುದಿಲ್ಲದೆ, ತಾವು ಪೂರ್ತಿ ಅರಿಯದ ನುಡಿಯನ್ನು ಭಯಭಕ್ತಿಯಿಂದ ಕಾಪಾಡಿ ನಮ್ಮ ಕೈಗಿತ್ತು ಪ್ರಭುವಿನಲ್ಲಿ ನಿದ್ರಿಸುತ್ತಿರುವ ಉಪದೇಶಿಗಳೆಲ್ಲರನ್ನೂ ಈ ಸಂದರ್ಭದಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅವರ ಆತ್ಮಗಳಿಗೆ ದೇವರು ನಿತ್ಯಶಾಂತಿಯನ್ನು ದಯಪಾಲಿಸಲಿ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ದೇವಾಲಯದಲ್ಲಿ ಗುರುಗಳ ಕರೆಗೆ ಉತ್ತರಿಸುವ ಎಳೆಯ ಕಂಠಗಳು ಎಂದೂ ಬತ್ತದಿರಲಿ, ಅವು ನುಡಿಯುವುದನ್ನು ಅರಿತು ನುಡಿಯಲಿ ಎಂದು ಪ್ರಾರ್ಥಿಸುತ್ತೇವೆ.